ಒಂದನೇ ಕೋಣೆಯ ಬಡಿತ

ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡದೆ ಚಂದ್ರಶೇಖರಪ್ಪ ಗುಂಡಿ ಒತ್ತಿದ್ದ. ಬನವಾಸಿಯ ಅವನ ಅನಾನಸ್ ಶೈತ್ಯಾಗಾರದ ಒಂದನೇ ಕೋಣೆಗೆ, ಹಣ್ಣು ಕೆಡದಿರಲೆಂದು ಆಮ್ಲಜನಕವನ್ನು ಹೊರಹಾಕುವ ನೈಟ್ರೋಜನ್ ಅನಿಲ ತುಂಬಿತು. ಒಳಗಿದ್ದ ಕೆಲಸಗಾರ ಶಂಭುಲಿಂಗ ಸತ್ತ. ಪೊಲೀಸರಿಗೆ ಧಣಿ ಹೇಳಿದ್ದು ಒಂದೇ ಮಾತು: ‘ಕುಡ್ದಿದ್ನರಿ.’ ಶಂಭುಲಿಂಗ ಜನ್ಮದಲ್ಲಿ ಕುಡಿದವನಲ್ಲ. ಸತ್ತವನ ಮಗ ಸುಭಾಷನಿಗೆ ಅಲ್ಲೇ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವನು ತಲೆತಗ್ಗಿಸಿ ದುಡಿದ.

ಶೈತ್ಯಾಗಾರವನ್ನು ನಡೆಸುವುದು ಹೊರಗಿನವರು ಕಂಪೈಲ್ ಮಾಡಿ ಕೊಟ್ಟ ಪ್ರೋಗ್ರಾಂ. ಅದರ ಒಳಗನ್ನು ಇಲ್ಲಿ ಯಾರೂ ಓದಲಾರರು, ತಿದ್ದಲಾರರು. ಆದರೆ ಅನಿಲ ಬಿಡುವ ಮುನ್ನ ಅದು ಕೋಣೆಯ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿಟ್ಟು ಶೆಲ್ ಸ್ಕ್ರಿಪ್ಟ್ ಎಂಬ ಚಿಕ್ಕ ಆಜ್ಞಾಪಟ್ಟಿಗೆ ಕೊಡುತ್ತದೆ. ಸ್ಕ್ರಿಪ್ಟ್ ಆ ಕೋಣೆಯ ಬಾಗಿಲಿಗೆ ಬೀಗ ಹಾಕುತ್ತದೆ. ಆಮೇಲೆ ಪ್ರೋಗ್ರಾಂ ನೈಟ್ರೋಜನ್ ಬಿಡುತ್ತದೆ. ಸ್ಕ್ರಿಪ್ಟ್ ಸುಭಾಷನ ಕೈಯಲ್ಲಿತ್ತು.

ಈ ಸಲ ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ತಾನಾಗಿಯೇ ಅನಿಲ ತುಂಬಬೇಕಿದ್ದದ್ದು ಎರಡನೇ ಕೋಣೆಗೆ. ಸುಭಾಷ ಸ್ಕ್ರಿಪ್ಟಿಗೆ ಸೇರಿಸಿದ್ದು ಇಷ್ಟೇ: ಸಂಖ್ಯೆ ಎರಡು ಬಂದರೆ ಒಂದು ಮಾಡು, ಅದನ್ನು ಎಕ್ಸ್‌ಪೋರ್ಟ್ ಮಾಡು. ಬದಲಾದ ಸಂಖ್ಯೆ ಹಾಗೆ ಪ್ರೋಗ್ರಾಮಿಗೂ ತಲುಪುತ್ತದೆಂಬುದು ಅವನ ಲೆಕ್ಕ. ಸ್ಕ್ರಿಪ್ಟನ್ನು ಮನೆಯಲ್ಲಿ ಓಡಿಸಿ ನೋಡಿದ. ಪರದೆಯ ಮೇಲೆ ‘1’ ಬಂತು. ಕೆಲಸವಾದ ಮೇಲೆ ಆ ಸಾಲುಗಳು ತಾವೇ ಅಳಿಸಿಹೋಗುವಂತೆಯೂ ಬರೆದಿದ್ದ. ತಪ್ಪೆಲ್ಲ ಪ್ರೋಗ್ರಾಂ ಬರೆದವರ ತಲೆಗೆ. ತಾನು ಎರಡನೇ ಕೋಣೆಯಲ್ಲೇ ನಿಂತಿರಬೇಕು. ಅನಿಲ ಬರಬೇಕಿದ್ದ ಕಡೆ ಇದ್ದವನನ್ನು ಯಾರು ಅನುಮಾನಿಸುತ್ತಾರೆ?

ಬೆಳಿಗ್ಗೆ ಚಂದ್ರಶೇಖರಪ್ಪ ಎಂದಿನಂತೆ ಹಣ್ಣು ಮೂಸಲು ಒಂದನೇ ಕೋಣೆಗೆ ಹೊರಟ.

‘ಧಣ್ಯಾರ, ಸೆನ್ಸರ್ ಐತಲ್ರಿ,’ ಎಂದ ಸುಭಾಷ.

‘ನಿನ್ನ ಸೆನ್ಸರಿಗೆ ಮೂಗೈತೇನೋ?’

ಬುಟ್ಟಿ ಇಳಿಸುತ್ತಿದ್ದ ಗುರುಶಾಂತವ್ವ ನಕ್ಕಳು. ‘ಧಣ್ಯಾರ ಮೂಗಿಗೂ ಒಂದು ವೈರ್ ಜೋಡಸೋ ತಮ್ಮಾ.’

ಸುಭಾಷನೂ ನಕ್ಕು ಎರಡನೇ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಪಕ್ಕದ ಬಾಗಿಲಿಗೆ ಬೀಗ ಬಿದ್ದ ಸದ್ದು ಕೇಳಿತು. ಆಮೇಲೆ ಗೋಡೆಯಾಚೆ ಬಡಿತ. ‘ಏ, ಬಾಗಲಾ ತಗೀರಲೇ!’ ಅಪ್ಪನೂ ಹೀಗೇ ಬಡಿದಿರಬೇಕು. ನೈಟ್ರೋಜನ್‌ಗೆ ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಬಡಿತ ನಿಲ್ಲುವುದನ್ನೇ ಅವನು ಕಾದ.

ನಿಲ್ಲಲಿಲ್ಲ. ಗುರುಶಾಂತವ್ವ ಕೀಲಿಗಾಗಿ ಓಡಿದ ಸದ್ದೂ ಕೇಳಿತು. ಸುಭಾಷನಿಗೆ ಅಚ್ಚರಿಯಾಗುವಷ್ಟರಲ್ಲಿ ಅವನೇ ನೆಲಕ್ಕೆ ಕುಸಿದ. ಎಕ್ಸ್‌ಪೋರ್ಟ್ ಮಾಡಿದ್ದು ಸ್ಕ್ರಿಪ್ಟ್ ಕರೆಯುವ ಕೆಲಸಗಳಿಗೆ ಹೋಗುತ್ತದೆಯೇ ಹೊರತು ಸ್ಕ್ರಿಪ್ಟನ್ನು ಕರೆದ ಪ್ರೋಗ್ರಾಮಿಗೆ ಹಿಂದಿರುಗುವುದಿಲ್ಲ. ಅವನು ತಿದ್ದಿದ್ದು ಬೀಗ ಹಾಕುವ ಸ್ಕ್ರಿಪ್ಟಿಗೆ ಸಿಕ್ಕ ನಕಲನ್ನು ಮಾತ್ರ. ಪ್ರೋಗ್ರಾಮಿನ ಬಳಿ ಕೋಣೆಯ ಸಂಖ್ಯೆ ಎರಡಾಗಿಯೇ ಉಳಿದಿತ್ತು.