ಅರಗು ಮುದ್ರೆಯ ರೈಫಲ್

2019ರ ಮಾರ್ಚ್ 15, ಶುಕ್ರವಾರ, ಸಂಜೆ 7 ಗಂಟೆ 40 ನಿಮಿಷ. ಒಹಾಯೊದ ಬ್ರಿಯರ್ ಕೌಂಟಿಯ ಶೆರಿಫ್ ಠಾಣೆಗೆ ವೆಂಡೆಲ್ ಸ್ಟ್ರಾಯರ್ ಎಂಬಾತ ಏದುಸಿರು ಬಿಡುತ್ತ ಬಂದು ದೂರು ಕೊಟ್ಟ. ವಯಸ್ಸು 69, ಶಾಲಾ ಬಸ್ಸಿನ ನಿವೃತ್ತ ಚಾಲಕ. ಅವನ ಕೋಟಿಗೆ ಕರಿದ ಮೀನಿನ ವಾಸನೆ ಇನ್ನೂ ಅಂಟಿಕೊಂಡಿತ್ತು. ಈಸ್ಟರಿಗೆ ಮುಂಚೆ ಮಾಂಸ ಬಿಟ್ಟು ಮೀನು ತಿನ್ನುವ ವ್ರತದ ಶುಕ್ರವಾರಗಳಲ್ಲಿ ಊರಿಗೆ ಊರೇ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮೀನೂಟಕ್ಕೆ ಕೂತಿರುತ್ತದೆ. ಕಳ್ಳನಿಗೂ ಅದು ಚೆನ್ನಾಗಿ ಗೊತ್ತಿತ್ತು.

ದೂರು ಬರೆದುಕೊಂಡವಳು ಡಿಟೆಕ್ಟಿವ್ ಲೊರೇನ್ ಹುಡಾಕ್. ಪಕ್ಕದಲ್ಲಿ ಡೆಪ್ಯುಟಿ ಟೈರೆಲ್ ಬ್ಯಾಂಕ್ಸ್ ಇದ್ದ.

"ಏನೇನು ಹೋಗಿದೆ, ಮಿಸ್ಟರ್ ಸ್ಟ್ರಾಯರ್?"

"ಒಂದು ರೈಫಲ್ಲು."

"ಒಂದೇನಾ? ನಿಮ್ಮ ಹತ್ರ ಒಟ್ಟು ಎಷ್ಟಿದ್ವು?"

"ನಲವತ್ಮೂರು. ಈಗ ನಲವತ್ತೆರಡು."

"ಹೋಗಿದ್ದೇ ಅತಿ ಬೆಲೆಬಾಳೋದಾ?"

"ಅಲ್ಲ ಕಣಮ್ಮಾ. ಅದರ ಎಡಕ್ಕೆ ಬಲಕ್ಕೆ ಇರೋವು ಅದಕ್ಕಿಂತ ದುಬಾರಿ. ಅವನ್ನ ಮುಟ್ಟೇ ಇಲ್ಲ." ವೆಂಡೆಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಆರು ವರ್ಷ ನಿನ್ನ ಬಸ್ಸಲ್ಲಿ ಕೂರಿಸ್ಕೊಂಡು ಶಾಲೆಗೆ ಬಿಟ್ಟಿದೀನಿ ಲೊರೇನ್. ಹುಡುಕಿ ಕೊಡು. ಜೂನ್ ಎಂಟಕ್ಕೆ ಅದು ಬೇಕೇ ಬೇಕು."

ರಾತ್ರಿ ಊಟಕ್ಕೆ ಮುಂಚೆಯೇ ಹುಡಾಕ್ ಸ್ಥಳ ಪರಿಶೀಲಿಸಿ ಮಹಜರು ಬರೆಸಿದಳು. ನೆಲಮಾಳಿಗೆಯ ಕೋಣೆಗೆ ಉಕ್ಕಿನ ಬಾಗಿಲು, ಅದಕ್ಕೊಂದು ಗಟ್ಟಿ ಬೀಗ. ಬೀಗ ಒಡೆದಿರಲಿಲ್ಲ. ಅದರ ಕೀಲಿ ಕಾರು ನಿಲ್ಲಿಸುವ ಜಾಗದಲ್ಲಿ, ಮೊಳೆ ತುಂಬಿಟ್ಟ ಕಾಫಿ ಡಬ್ಬದ ಅಡಿಯಲ್ಲಿ ಇರುತ್ತಿತ್ತು. ಅದು ಅಲ್ಲೇ ಇತ್ತು.

"ಈ ಜಾಗ ಯಾರ್ಯಾರಿಗೆ ಗೊತ್ತು?"

"ನಮ್ಮ ಸಂಘದ ಐದು ಜನಕ್ಕೆ."

"ಅಂದ್ರೆ ಬೀಗ ಹಾಕಿದ್ದು ಯಾರಿಗೆ?" ಎಂದು ಬ್ಯಾಂಕ್ಸ್ ಗೊಣಗಿದ. ಹುಡಾಕ್ ಅವನನ್ನು ಒಮ್ಮೆ ದುರುಗುಟ್ಟಿ ನೋಡಿದಳು.

ಸಂಘವೆಂದರೆ ಸೈನ್ಯಗಳು ಬೇಡವೆಂದು ಮಾರಿದ ಹಳೇ ರೈಫಲ್ಲುಗಳನ್ನು ಕೂಡಿಡುವವರ ಸಂಘ. ಒಂದು ಕಾಲದಲ್ಲಿ ಈ ಹುಚ್ಚಿನಲ್ಲಿ ಗೆಳೆಯನಿಗೆ ಬಿಟ್ಟುಕೊಡಲು ದೊಡ್ಡ ಮನಸ್ಸು ಬೇಕಿರಲಿಲ್ಲ. ಫೆಲ್ಟನ್ನನ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲೇ ಒಂದು ಪೀಪಾಯಿ, ಅದರ ತುಂಬ ಪೊರಕೆಗಳ ಹಾಗೆ ನಿಲ್ಲಿಸಿದ ರೈಫಲ್ಲುಗಳು. ಸ್ವಿಸ್ ಸೈನ್ಯದವು, ಸ್ವೀಡನ್ನಿನವು, ರಷ್ಯದವು. ಮೈತುಂಬ ಗ್ರೀಸು. ಒಂದು ಆರಿಸಿಕೊಂಡು, ಚೆನ್ನಾಗಿಲ್ಲದ್ದನ್ನು ವಾಪಸು ಇಟ್ಟು, ಮುಂದಿನ ತಿಂಗಳು ಇನ್ನೊಂದು ಪೆಟ್ಟಿಗೆ ಬರುತ್ತದೆ ಬಿಡು ಎಂದು ಮನೆಗೆ ಹೋಗುತ್ತಿದ್ದರು. ಬರುತ್ತಲೂ ಇತ್ತು. ಆಮೇಲೆ ಪೆಟ್ಟಿಗೆಗಳು ಎರಡು ತಿಂಗಳಿಗೊಂದಾದವು, ವರ್ಷಕ್ಕೊಂದಾದವು. ಒಂದು ವಸಂತದಲ್ಲಿ ಫೆಲ್ಟನ್ ಆ ಪೀಪಾಯಿಯಲ್ಲಿ ಸಲಿಕೆ ನಿಲ್ಲಿಸಿದ. ಸೈನ್ಯಗಳು ಹೊಸ ಬಂದೂಕು ಮಾಡಿಸಬಹುದು, ಹಳೇದನ್ನು ಹೊಸದಾಗಿ ಮಾಡಿಸಲು ಯಾರಿಂದಾಗುತ್ತದೆ? ಅಂದಿನಿಂದ ಐದೂ ಜನ ಗೆಳೆಯರು ಒಬ್ಬರ ಗೋಡೆಯನ್ನು ಇನ್ನೊಬ್ಬರು ನೋಡಿಕೊಂಡು ಹೊಟ್ಟೆ ಉರಿಸಿಕೊಳ್ಳುವುದೇ ಉಳಿಯಿತು.

ಕಳುವಾದದ್ದು ಸ್ವಿಸ್ ರೈಫಲ್. ಭುಜಕ್ಕೆ ಆನಿಸುವ ಅದರ ಮರದ ಹಿಡಿಕೆಯ ತುದಿಗೆ ಒಂದು ಉಕ್ಕಿನ ತಗಡು, ಎರಡು ಸ್ಕ್ರೂ. ಕೆಲವು ಸೈನಿಕರು ತಮ್ಮ ಹೆಸರು, ದಳ, ಊರು ಬರೆದ ಚೀಟಿಯನ್ನು ಆ ತಗಡಿನ ಅಡಿಯಲ್ಲಿ ಇಟ್ಟಿರುತ್ತಾರೆ. ಕೊಂಡವನು ಮನೆ ಮುಟ್ಟಿದ ಕೂಡಲೇ ಮಾಡುವ ಮೊದಲ ಕೆಲಸ ಆ ಸ್ಕ್ರೂ ಬಿಚ್ಚುವುದು. ಚೀಟಿ ಸಿಕ್ಕರೆ ಆ ವಿಳಾಸಕ್ಕೆ ಕಾಗದ ಬರೆಯುತ್ತಾರೆ: ನಿಮ್ಮ ರೈಫಲ್ ನನ್ನ ಹತ್ತಿರ ಕ್ಷೇಮವಾಗಿದೆ ಅಂತ. ಕೆಲವೊಮ್ಮೆ ಉತ್ತರವೂ ಬರುತ್ತದೆ.

ವೆಂಡೆಲ್ ಮಾತ್ರ 2002ರಲ್ಲಿ ತಂದ ಈ ರೈಫಲ್ಲಿನ ಸ್ಕ್ರೂಗಳ ಮೇಲೆ ಕೆಂಪು ಅರಗು ಸುರಿದು ಮುದ್ರೆ ಒತ್ತಿದ್ದ. ನಾನು ನೋಡುವುದಿಲ್ಲ, ನನಗೆ ಅವಸರವಿಲ್ಲ ಎಂದು ಹದಿನೇಳು ವರ್ಷ ಹೇಳಿಕೊಂಡು ತಿರುಗಿದ್ದ. ಜೂನ್ 8ಕ್ಕೆ ಸಂಘಕ್ಕೆ ಇಪ್ಪತ್ತೈದು ತುಂಬುತ್ತಿತ್ತು. ಆ ದಿನ ಎಲ್ಲರೆದುರು ಅರಗು ಒಡೆಯುವುದು ಎಂದು ಕರಪತ್ರವೇ ಅಚ್ಚಾಗಿತ್ತು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ 2 ಗಂಟೆ. ಹುಡಾಕ್ ಮತ್ತು ಬ್ಯಾಂಕ್ಸ್ ಸಂಘದ ಸದಸ್ಯರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಕೊನೆಯವನು ಮರ್ಲ್ ಪೆಟ್ರಿ, ವಯಸ್ಸು 68, ಪಿಂಗಾಣಿ ಕಾರ್ಖಾನೆಯಿಂದ ನಿವೃತ್ತ, ಒಂಟಿ. ವೆಂಡೆಲ್‌ಗೆ ನಲವತ್ತು ವರ್ಷದ ಗೆಳೆಯ.

"ಶುಕ್ರವಾರ ಸಂಜೆ ಎಲ್ಲಿದ್ರಿ?"

"ಎಲ್ಲಿರ್ತೀನಿ? ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮೀನು ಕರೀತಿದ್ದೆ."

"ನಿಮ್ಮ ಪಾಳಿ ಐದೂವರೆಗೆ. ನೀವು ಬಂದಿದ್ದು ಆರಕ್ಕೆ ಹತ್ತು ನಿಮಿಷ ಇರುವಾಗ."

"ಕಾರು ಸ್ಟಾರ್ಟ್ ಆಗ್ಲಿಲ್ಲ."

"ವೆಂಡೆಲ್ ಅವರ ರೈಫಲ್ ನೋಡಿದೀರಾ?"

"ತೋರಿಸ್ದೆ ಬಿಡ್ತಾನಾ ಅವ್ನು? ತಿಂಗಳಿಗೊಂದ್ಸಲ ಮೂಗಿನ ಹತ್ರ ತಂದು ಹಿಡೀತಾನೆ. 'ನೀವೆಲ್ಲ ಬಿಚ್ಚಿ ನೋಡೋರಪ್ಪ, ನಂಗೆ ಆ ಚಪಲ ಇಲ್ಲ' ಅಂತಾನೆ. ಹಸಿದೋರ ಎದುರು ತಟ್ಟೆ ತುಂಬ ಬಡಿಸ್ಕೊಂಡು, ಮುಟ್ಟದೆ ಕೂರೋದಿದೆ ನೋಡಿ, ಅಂಥ ಜಂಬ."

"ನಿಮ್ಮ ಹತ್ರ ಇಂಥ ಸ್ವಿಸ್ ರೈಫಲ್ ಎಷ್ಟಿವೆ?"

"ಹನ್ನೊಂದು."

"ಚೀಟಿ ಎಷ್ಟರಲ್ಲಿ ಸಿಕ್ತು?"

ಮರ್ಲ್ ಕಿಟಕಿಯ ಕಡೆ ತಿರುಗಿದ. "ಒಂದ್ರಲ್ಲೂ ಇಲ್ಲ. ಸಾಕಾ?"

ಹೊರಗೆ ಬಂದ ಮೇಲೆ ಬ್ಯಾಂಕ್ಸ್ ತಡೆಯಲಾರದೆ, "ಇವನೇ ಮೇಡಂ, ಮುಖದ ಮೇಲೆ ಬರೆದಿದೆ," ಎಂದ.

"ಮುಖ ತೋರ್ಸಿ ಜಡ್ಜ್ ಹತ್ರ ವಾರಂಟ್ ಕೇಳ್ತೀಯಾ? ಉಳಿದ ಮೂವರೂ ಮಧ್ಯೆ ಮಧ್ಯೆ ಎದ್ದು ಹೋಗಿದಾರೆ. ಹೊಟ್ಟೆಕಿಚ್ಚು ಅವರಿಗೂ ಇದೆ. ನಡಿ."

ಅಲ್ಲಿಗೆ ಕೇಸು ನಿಂತಿತು. ಗಿರವಿ ಅಂಗಡಿಗಳಿಗೆ ರೈಫಲ್ಲಿನ ನಂಬರು ಕಳಿಸಿದರು. ಬಂದೂಕು ಮಾರಾಟದ ಮೇಳಗಳಲ್ಲಿ ಬ್ಯಾಂಕ್ಸ್ ಎರಡು ಶನಿವಾರ ಕಾಲು ಸವೆಸಿದ. ಏನೂ ಸಿಗಲಿಲ್ಲ. ವೆಂಡೆಲ್ ವಾರಕ್ಕೊಮ್ಮೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದ. ಹುಡಾಕ್ ಅದನ್ನು ಗಮನಿಸಿದಳು, ದುಃಖವೆಂದುಕೊಂಡಳು.

ಮೇ 20, ಸೋಮವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ವೆಂಡೆಲ್ ಬಂದ. ಕೈಯಲ್ಲಿ ವಿದೇಶದ ಅಂಚೆಚೀಟಿ ಅಂಟಿಸಿದ ದಪ್ಪನೆ ಲಕೋಟೆ. ಬಾಗಿಲು ಹಾಕು ಎಂದ. ಬ್ಯಾಂಕ್ಸ್ ಹಾಕಿದ.

"ನಾನೊಂದು ಸುಳ್ಳು ಹೇಳಿದ್ದೆ ಲೊರೇನ್."

"ಹೇಳಿ."

"ಆ ರೈಫಲ್ಲು... ನಾನು ಬಿಚ್ಚಿ ನೋಡಿದ್ದೆ."

"ಯಾವಾಗ?"

"ತಂದ ದಿನವೇ. ಕೋಟು ಕೂಡ ಬಿಚ್ಚಿರ್ಲಿಲ್ಲ, ಸ್ಕ್ರೂ ಬಿಚ್ಚಿದ್ದೆ." ಅವನ ಕಿವಿ ಕೆಂಪಾಗಿತ್ತು. "ಚೀಟಿ ಇತ್ತು. ಆಲೊಯಿಸ್ ಝೆಂಪ್ ಅಂತ ಹೆಸರು. ಕಾಗದ ಬರೆದೆ. ಮುದುಕ ಬದುಕಿದ್ದ, ಉತ್ತರ ಬರೆದ. ಒಂಬತ್ತು ವರ್ಷ ಬರೆದ. ಆಮೇಲೆ ತೀರ್ಕೊಂಡ. ಈಗ ಮಗಳು ವ್ರೆನಿ ಬರೀತಾಳೆ. ಕ್ರಿಸ್‌ಮಸ್‌ಗೊಂದು, ಈಸ್ಟರ್‌ಗೊಂದು."

"ಮತ್ತೆ ಆ ಅರಗು?"

"ಚೀಟಿ ವಾಪಸ್ ಇಟ್ಟು ಮೇಲಿಂದ ಹಾಕಿದ್ದು."

"ಯಾಕೆ?"

ವೆಂಡೆಲ್ ಟೋಪಿಯ ಅಂಚು ತಿರುವಿದ. "ಬಿಚ್ಚಿದ್ಮೇಲೆ ಅದೂ ಎಲ್ಲರದರ ಹಾಗೇ ಒಂದು ರೈಫಲ್ಲು. ಬಿಚ್ಚದೆ ಇದ್ರೆ ಅಂಥದ್ದು ಊರಲ್ಲಿ ಒಂದೇ. ಅವರೆಲ್ಲ ನನ್ನ ಮನೇಗೆ ಬಂದು ಆ ಸ್ಕ್ರೂನೇ ನೋಡ್ತಾ ನಿಲ್ಲೋರು. ಅವರ ಹೊಟ್ಟೆ ಉರಿಯೋದು ನೋಡಿ ನಂಗೆ ತಂಪಾಗ್ತಿತ್ತು. ಬೈಯಿ, ಪರವಾಗಿಲ್ಲ."

"ಜೂನ್ ಎಂಟಕ್ಕೆ ಏನು ಮಾಡ್ಬೇಕು ಅಂತಿದ್ರಿ?"

"ಆಶ್ಚರ್ಯ ಪಡಬೇಕು ಅಂತಿದ್ದೆ."

ಬ್ಯಾಂಕ್ಸ್‌ಗೆ ಕೆಮ್ಮು ಬಂತು. ಹುಡಾಕ್ ಲಕೋಟೆ ತೆರೆದಳು. ವ್ರೆನಿ ಝೆಂಪ್ ಬರೆದದ್ದು: ನಿಮ್ಮ ಗೆಳೆಯರೊಬ್ಬರೂ ಕಾಗದ ಬರೆದಿದ್ದಾರೆ, ಅಪ್ಪನ ರೈಫಲ್ ತಮ್ಮ ಹತ್ತಿರ ಇದೆಯಂತೆ, ಚೀಟಿಯ ಫೋಟೋ ಕೂಡ ಕಳಿಸಿದ್ದಾರೆ. ನೀವು ಅದನ್ನು ಅವರಿಗೆ ಕೊಟ್ಟಿರಾ? ನಿಮ್ಮ ಆರೋಗ್ಯ ಚೆನ್ನಾಗಿದೆಯೇ? ಇಬ್ಬರಿಗೂ ಇವತ್ತೇ ಬರೆಯುತ್ತಿದ್ದೇನೆ.

ಜೊತೆಗೆ ಆ ಇನ್ನೊಂದು ಕಾಗದದ ನಕಲು. ವಿಳಾಸ: ಪಕ್ಕದ ಕೋಲ್ಟನ್ ಊರಿನ ಅಂಚೆ ಕಚೇರಿ, ಪೆಟ್ಟಿಗೆ 118. ಕೆಳಗೆ ಪೂರ್ತಿ ಸಹಿ, ಮರ್ಲ್ ಜೆ. ಪೆಟ್ರಿ.

"ದಡ್ಡ! ಸ್ವಂತ ಹೆಸರು ಬರೆದಿದಾನಲ್ಲ ಮೇಡಂ!" ಎಂದ ಬ್ಯಾಂಕ್ಸ್.

"ಚೀಟಿಯಲ್ಲಿರೋ ಹೆಸರು ಭೂಮಿ ಮೇಲೆ ತನ್ನೊಬ್ಬನಿಗೇ ಗೊತ್ತು ಅಂದ್ಕೊಂಡಿದಾನೆ. ಅರಗು ಹಾಗೇ ಇತ್ತಲ್ಲ," ಎಂದಳು ಹುಡಾಕ್. ವೆಂಡೆಲ್ ಕಡೆ ತಿರುಗಿ, "ಮೊದಲ ದಿನವೇ ಬಾಯಿ ಬಿಟ್ಟಿದ್ರೆ ಮಾರ್ಚಲ್ಲೇ ವ್ರೆನಿಗೆ ಹೇಳಿಟ್ಟಿರ್ತಿದ್ವಿ," ಎಂದು ರೇಗಿದಳು. ಅವನು ತಲೆ ತಗ್ಗಿಸಿದ.

ಮೇ 22, ಬುಧವಾರ, ಬೆಳಿಗ್ಗೆ 9 ಗಂಟೆ 15 ನಿಮಿಷ. ಕೋರ್ಟಿನ ವಾರಂಟ್ ಹಿಡಿದು ಮರ್ಲ್‌ನ ಮನೆ ಶೋಧಿಸಿದರು. ಆತ ಕೋಟು ಹಾಕಿಕೊಂಡು ಹೊರಡುವುದರಲ್ಲಿದ್ದ. ವಾರಂಟ್ ಓದಲಿಲ್ಲ. ನೆಲಮಾಳಿಗೆಯ ದೀಪ ತಾನೇ ಹಾಕಿ ಪಕ್ಕಕ್ಕೆ ಸರಿದ.

ಮಹಜರಿನಲ್ಲಿ ಹೀಗಿದೆ: ಗೋಡೆಯ ಮೇಲೆ ಹನ್ನೊಂದು ಸ್ವಿಸ್ ರೈಫಲ್. ಎಲ್ಲದರ ಸ್ಕ್ರೂಗಳೂ ಮತ್ತೆ ಮತ್ತೆ ಬಿಚ್ಚಿ ತಲೆ ಸವೆದಿವೆ. ಕೆಲಸದ ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಹನ್ನೆರಡನೆಯದು. ನಂಬರು ದೂರಿನಲ್ಲಿರುವುದಕ್ಕೆ ತಾಳೆಯಾಗುತ್ತದೆ. ಬಾಟಲಿ ಮುಚ್ಚಳವೊಂದರಲ್ಲಿ ಕೆಂಪು ಅರಗಿನ ಚೂರುಗಳು. ಗಾಜಿನ ಚೌಕಟ್ಟಿನಲ್ಲಿ ಒಂದು ಹಳದಿ ಚೀಟಿ.

ಚೀಟಿಯಿಲ್ಲದ ರೈಫಲ್ಲುಗಳನ್ನು ಒಮ್ಮೆಯಲ್ಲ, ಮತ್ತೆ ಮತ್ತೆ ಬಿಚ್ಚಿ ನೋಡಿದ್ದಾನೆ ಎಂಬುದು ಹುಡಾಕ್‌ಗೆ ಆ ಸ್ಕ್ರೂಗಳನ್ನು ನೋಡಿದಾಗಲೇ ಗೊತ್ತಾದದ್ದು. ಕೋಳ ಹಾಕಿದಳು.

ಠಾಣೆಯಲ್ಲಿ ಹಕ್ಕುಗಳನ್ನು ಓದಿ ಹೇಳಿದ ಮೇಲೆ ಮರ್ಲ್ ವಕೀಲ ಬೇಡವೆಂದ.

"ಯಾಕೆ ತಗೊಂಡ್ರಿ?"

"ಮೊದಲು ಅದು ನನ್ನ ಕೈಲಿತ್ತು," ಎಂದ. "ಫೆಲ್ಟನ್ ಅಂಗಡೀಲಿ ಪೀಪಾಯಿಂದ ನಾನೇ ಎತ್ಕೊಂಡಿದ್ದೆ. ಹಿಡಿಕೆ ಎಲ್ಲ ಗೀರು, ನೀರಿನ ಕಲೆ. ಇದ್ಯಾಕೆ ಅಂತ ವಾಪಸ್ ಇಟ್ಟೆ. ಪಕ್ಕದಲ್ಲಿದ್ದ ಅವ್ನು ಎತ್ಕೊಂಡ. ನಾನು ಯಾವಾಗ್ಲೂ ನೀಟಾಗಿರೋದೇ ಆರಿಸ್ತಿದ್ದೆ. ನೀಟಾಗಿರೋವು ಯಾರೂ ಬಳಸಿರೋದಲ್ಲ, ಒಳಗೇನಿರುತ್ತೆ? ಇದು ತಲೇಗೆ ಹೊಳೆಯೋ ಹೊತ್ತಿಗೆ ಫೆಲ್ಟನ್ ಸಲಿಕೆ ಮಾರ್ತಿದ್ದ."

"ಹದಿನೇಳು ವರ್ಷ ಸುಮ್ಮನಿದ್ರಲ್ಲ."

"ಆ ಕರಪತ್ರ ಬಂತು. ಎಲ್ಲರೆದುರು ಬಿಚ್ತಾನಂತೆ, ನಾನು ಚಪ್ಪಾಳೆ ತಟ್ಟಬೇಕಂತೆ. ಆಗ್ಲಿಲ್ಲ ಮೇಡಂ. ಹೊಟ್ಟೇಲಿ ಕೆಂಡ ಇಟ್ಟಂಗಾಯ್ತು."

"ಹೆಸರು ಯಾಕೆ ನಿಜದ್ದು ಬರೆದ್ರಿ? ಸುಳ್ಳು ಹೆಸರು ಹಾಕಿದ್ರೆ ನಾವು ಇನ್ನೂ ಅಲೀತಿದ್ವಿ."

ಮರ್ಲ್ ಅವಳನ್ನು ಮಗುವನ್ನು ನೋಡುವ ಹಾಗೆ ನೋಡಿದ. "ಸುಳ್ಳು ಹೆಸರಿಗೆ ಉತ್ತರ ಬಂದ್ರೆ, ಅದು ನನಗೆ ಬಂದಂಗಾಯ್ತಾ?"

ಆಗ ಹುಡಾಕ್ ವೆಂಡೆಲ್‌ನ ಸುಳ್ಳನ್ನು ಹೇಳಿದಳು. ಮರ್ಲ್ ಎದ್ದೇ ನಿಂತ. "ಬಿಚ್ಚಿದ್ನಾ? ಅದೇ ದಿನ? ಹದಿನೇಳು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದ್ನಾ? ಕಳ್ಳ! ಕಳ್ಳ ನನ್ಮಗ!" ಎಂದು ಕೋಳದ ಕೈಯಲ್ಲೇ ಮೇಜು ಗುದ್ದಿದ.

11 ಗಂಟೆ 30ಕ್ಕೆ ಬ್ಯಾಂಕ್ಸ್ ಕೋಲ್ಟನ್ನಿನ ಅಂಚೆ ಕಚೇರಿಯಿಂದ ಮರಳಿದ. ಪೆಟ್ಟಿಗೆಗೂ ವಾರಂಟ್ ಇತ್ತು. ಅದರೊಳಗೆ ಒಂದೇ ಲಕೋಟೆ, ಅಂದಿನ ಬೆಳಗಿನ ಅಂಚೆಯಲ್ಲಿ ಬಂದದ್ದು. "ದಿನಾ ಹತ್ತು ಗಂಟೆಗೆ ಬಂದು ಖಾಲಿ ಪೆಟ್ಟಿಗೆ ನೋಡಿ ಹೋಗ್ತಿದ್ನಂತೆ ಮೇಡಂ. ಇವತ್ತೊಂದೇ ದಿನ ತಪ್ಪಿಸಿದ್ದು," ಎಂದ. ಇವತ್ತು ಅವನ ದನಿಯಲ್ಲಿ ನಗೆ ಇರಲಿಲ್ಲ.

ಹುಡಾಕ್ ಲಕೋಟೆ ಒಡೆದು, ಓದಿ, ಸಾಕ್ಷ್ಯದ ನಂಬರು ಹಾಕಿ ಮರ್ಲ್‌ನ ಮುಂದಿಟ್ಟಳು. ಅವನು ಕನ್ನಡಕ ಏರಿಸಿಕೊಂಡ.

'ಪ್ರಿಯ ಮಿಸ್ಟರ್ ಪೆಟ್ರಿ, ನಿಮ್ಮ ಕಾಗದ ನೋಡಿ ಸಂತೋಷವಾಯಿತು. ನೀವು ಯಾರೆಂದು ಹೇಳುವ ಅಗತ್ಯವಿರಲಿಲ್ಲ. ವೆಂಡೆಲ್ ನಮ್ಮ ತಂದೆಗೆ ಬರೆದ ಮೊಟ್ಟಮೊದಲ ಕಾಗದದಲ್ಲೇ ನಿಮ್ಮ ಹೆಸರಿದೆ. ನನ್ನ ಗೆಳೆಯ ಮರ್ಲ್ ಮೊದಲು ಎತ್ತಿಕೊಂಡು ವಾಪಸು ಇಟ್ಟದ್ದರಿಂದ ಇದು ನನಗೆ ಸಿಕ್ಕಿತು, ನ್ಯಾಯವಾಗಿ ಇದು ಅವನದು ಎಂದು ಬರೆದಿದ್ದರು. ತಂದೆ ಪ್ರತಿ ಉತ್ತರದ ಕೊನೆಗೂ ಮರ್ಲ್‌ಗೂ ನಮಸ್ಕಾರ ತಿಳಿಸಿ ಎನ್ನುತ್ತಿದ್ದರು. ವೆಂಡೆಲ್ ತಿಳಿಸುತ್ತಿದ್ದರಲ್ಲವೇ?'

ಮರ್ಲ್ ಎರಡು ಸಲ ಓದಿದ. ಮೂರನೆಯ ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ತಿಳಿಸ್ಲಿಲ್ಲ," ಎಂದ.

ಹೊರಗಿನ ಬೆಂಚಿನ ಮೇಲೆ ವೆಂಡೆಲ್ ಕೂತಿದ್ದ. ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಲು ಬಂದಿದ್ದನಂತೆ. ಬಂದೂಕು ಕಳವಿನ ಕೇಸು, ಅದು ಈಗ ಸರ್ಕಾರದ್ದು ಎಂದು ಹುಡಾಕ್ ತಿಳಿಸಿದಳು. ಅವನು ತಲೆಯಾಡಿಸಿದ, ಎದ್ದು ಹೋಗಲಿಲ್ಲ.

ಮರ್ಲ್ ಆ ಕಾಗದ ತನ್ನ ಹತ್ತಿರ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಸಾಕ್ಷ್ಯ, ಕೊಡಲಾಗದು ಎಂದಳು. ಬ್ಯಾಂಕ್ಸ್ ಯಾರೂ ಹೇಳದೆಯೇ ಅದರ ನಕಲು ತೆಗೆದು ತಂದ. ಮರ್ಲ್ ಅದನ್ನು ನಾಲ್ಕು ಮಡಿಕೆ ಮಾಡಿದ, ರೈಫಲ್ಲಿನ ತಗಡಿನಡಿ ಇಡುವ ಚೀಟಿಯಷ್ಟೇ ಚಿಕ್ಕದಾಗಿ, ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ಆರೋಪಿಯನ್ನು ಲಾಕಪ್ಪಿಗೆ ಕಳಿಸಲಾಯಿತು. ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಹುಡಾಕ್ 'ಹೊಟ್ಟೆಕಿಚ್ಚು' ಎಂದು ಬರೆದಳು. ಯಾರದ್ದು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.