ನಲವತ್ತೊಂದು ಗಂಟಿನ ದಾರ

ಗಾಜಿನ ಪೆಟ್ಟಿಗೆಗೆ ಬಿದ್ದದ್ದು ಒಬ್ಬ ಗುಮಾಸ್ತನ ಆರು ತಿಂಗಳ ಸಂಬಳ. ಒಳಗಿನ ದೀಪಕ್ಕೆ ಅದರಲ್ಲಿ ಅರ್ಧ. ಕಾಡಿನಂತೆ ಸಿಂಗರಿಸಿದ ಪ್ರದರ್ಶನ ಕೋಣೆಯ ಸ್ಪೀಕರಿನಲ್ಲಿ ಕಪ್ಪೆ, ಜೀರುಂಡೆ ಕೂಗಿಸುವುದಕ್ಕೆ ಇನ್ನೊಂದಿಷ್ಟು. ಆದರೆ ಆ ಪೆಟ್ಟಿಗೆಯಲ್ಲಿಡುವ ದಾರವನ್ನು ಕಟ್ಟಿದವಳ ಮೊಮ್ಮಗಳು ಮೂರು ದಿನ ದೋಣಿ, ಬಸ್ಸು ಹಿಡಿದು ಬಂದಾಗ ವಸ್ತುಸಂಗ್ರಹಾಲಯ ಅವಳಿಗೆಂದು ಖರ್ಚು ಮಾಡಿದ್ದು ಒಂದು ಲೋಟ ಚಹಾ.

ಮೊಮ್ಮಗಳೆಂದರೂ ಅವಳೇ ಈಗ ಮುದುಕಿ. ದಾರ ವಾಪಸ್ ಕೊಡಿ ಎಂದು ಕೇಳಿದ್ದಳು. ಮೇಲಿನವರು ಆಗುವುದಿಲ್ಲ ಎಂದರು. ಹೋಗುವ ಮುಂಚೆ ಅವಳು ಹೊಸ ಗುಮಾಸ್ತನ ಮೇಜಿನ ಬಳಿ ನಿಂತು ಎಲ್ಲವನ್ನೂ ಹೇಳಿದಳು. ರಬ್ಬರ್ ಹಾಲಿಗಾಗಿ ಕಾಡಿಗೆ ನುಗ್ಗಿದವರು ಅವಳ ಜನರ ಉದ್ದನೆಯ ಮನೆಗೆ ಹೊರಗಿನಿಂದ ಅಗುಳಿ ಜಡಿದು ಬೆಂಕಿ ಇಟ್ಟಿದ್ದರು. ಒಳಗೆ ನಲವತ್ತೊಂದು ಮಂದಿ. ಪೊದೆಯಲ್ಲಿ ಅಡಗಿದ್ದ ಅವಳ ಅಜ್ಜಿ ಒಬ್ಬೊಬ್ಬರ ಕೂಗಿಗೆ ಒಂದೊಂದು ಗಂಟು ಹಾಕಿದ್ದಳು. ಕೊಲೆಯಾದವರ ಕೂಗನ್ನು ಹೀಗೆ ಕಟ್ಟಿಡುವುದು, ಕೊಂದವರ ಎದುರಿನಲ್ಲಿ ಮಾತ್ರ ಬಿಚ್ಚುವುದು ಅವರ ಪದ್ಧತಿ.

"ಗಂಟು ಮುಟ್ಟಬೇಡ ತಮ್ಮಾ. ಕೂಗು ಹೊರಗೆ ಬಂದ್ರೆ ಯಾರದಾದ್ರೂ ಗಂಟಲು ಹುಡುಕತ್ತೆ."

"ಹಾಗಾದ್ರೆ ನಮ್ಮ ಮ್ಯಾನೇಜರ್ ರೂಮು ಆ ಕಡೆ ಅಂತ ಅದಕ್ಕೆ ಹೇಳಿಡಿ ಅಜ್ಜಿ" ಎಂದು ಅವನು ನಕ್ಕ.

ಅವಳು ನಗಲಿಲ್ಲ. ಎದುರಿನ ಬಸ್ ನಿಲ್ದಾಣಕ್ಕೆ ಹೋಗಿ ಕೂತಳು.

ಈ ಕೆಲಸ ಅವನಿಗೆ ಕೊಡಿಸಿದ್ದು ಅಕ್ಕ. ಇಪ್ಪತ್ತು ವರ್ಷದಿಂದ ಟಿಕೆಟ್ ಕೌಂಟರಿನಲ್ಲಿದ್ದಾಳೆ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳೂ ಅವಳೇ. ಅವಳ ದನಿಗೆ ಮೈಕು ಬೇಡ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಆ ದನಿ ಬೈಯುತ್ತಿತ್ತು, ಹಾಡುತ್ತಿತ್ತು, ಜ್ವರ ಬಂದಾಗ ರಾತ್ರಿಯಿಡೀ ಕತೆ ಹೇಳುತ್ತಿತ್ತು. ಅವನಿಗೆ ಮನೆ ಎಂದರೆ ಆ ದನಿಯೇ. ದಾರದ ವಿಷಯ ಕೇಳಿ ಅವಳು, "ಲೋ, ಹೇಳಿದ್ ಮಾತು ಕೇಳೋ. ನನ್ ಮಾತಂತೂ ಕೇಳಲ್ಲ, ಅವರದ್ದಾದ್ರೂ ಕೇಳು" ಎಂದಿದ್ದಳು.

ದಾಖಲೆ ಪುಸ್ತಕದಲ್ಲಿ 'ಪೂರ್ತಿ ಉದ್ದ' ಎಂಬ ಕಾಲಂ ಇತ್ತು. ಗಂಟು ಸಮೇತ ಅಳೆದರೆ ಅದು ಪೂರ್ತಿ ಉದ್ದ ಹೇಗಾದೀತು? ಒಂದೇ ಒಂದು ಗಂಟು ಬಿಚ್ಚಿ, ಅದು ನುಂಗಿದ ದಾರವನ್ನು ಅಳೆದು, ನಲವತ್ತೊಂದರಿಂದ ಗುಣಿಸಿದರೆ ಮುಗಿಯಿತು. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಅದೇ ದಿನ ಮಧ್ಯಾಹ್ನ ಮೂರಕ್ಕೆ, ಕಾಡಿನ ಕೋಣೆಯ ಮಬ್ಬಿನಲ್ಲಿ ಅವನು ಇಕ್ಕಳ ಹಿಡಿದು ಕೂತ. ತುದಿಯ ಗಂಟು ಎಲ್ಲಕ್ಕಿಂತ ಚಿಕ್ಕದು. ಮೇಲೆ ಒಣಗಿದ ಮರದ ಅಂಟು. ಒಳಗಿನಿಂದ ಯಾರೋ ಹಿಡಿದೆಳೆದಂತೆ ಅದು ಜಗ್ಗಿತು. ಆಮೇಲೆ ಸಡಿಲಾಯಿತು.

ಸ್ಪೀಕರಿನ ಕಪ್ಪೆಗಳು ನಿಂತವು.

ಮೊದಲು ಬಂದದ್ದು ವಾಸನೆ. ಸುಟ್ಟ ರಬ್ಬರು, ಸುಟ್ಟ ಹುಲ್ಲು. ಅದರಡಿಯಲ್ಲಿ ಸುಟ್ಟ ಕೂದಲು. ಏನೋ ಬಿಸಿಯಾದದ್ದು ಅವನ ಕಿವಿ ಸವರಿಕೊಂಡು ಹೋಯಿತು. ಬಾಗಿಲು ದಾಟಿತು. ಮೊಗಸಾಲೆಯ ದೀಪಗಳು ಒಂದಾದ ಮೇಲೊಂದು ಮಂಕಾದವು. ಆ ದೀಪಗಳ ಸಾಲು ಹೋಗುತ್ತಿದ್ದದ್ದು ಟಿಕೆಟ್ ಕೌಂಟರಿನ ಕಡೆಗೆ.

ಅವನು ಓಡಿದ.

ಕೂಗು ಕೇಳಿಸಿತು. ಸಣ್ಣ ಮಗುವಿನ ಕೂಗು. ಅದು ಹೊರಡುತ್ತಿದ್ದದ್ದು ಅಕ್ಕನ ಬಾಯಿಂದ. ತಿಳಿಯದ ಭಾಷೆಯ ಒಂದೇ ಪದ, ಮತ್ತೆ ಮತ್ತೆ. ತುಟಿಯ ಮೇಲೆ ಮಸಿ. ಬೆರಳುಗಳು ಕೌಂಟರಿನ ಗಾಜನ್ನು ಕೆರೆಯುತ್ತಿದ್ದವು, ಹೊರಗಿನಿಂದ ಅಗುಳಿ ಹಾಕಿದ ಬಾಗಿಲನ್ನು ಕೆರೆಯುವಂತೆ. ಸಾಲಿನಲ್ಲಿದ್ದವರು ಹಿಂದೆ ಸರಿದರು. ಅವಳು ಕುಸಿದಳು. ಮೂಗಿನಿಂದ ಹೊಗೆ. ಉಸಿರು ಒಳಗೆ ಹೋಗುತ್ತಿಲ್ಲ.

ಅವನು ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಓಡಿದ. ಮುದುಕಿ ಅವನನ್ನು ನೋಡಿ ಎದ್ದಳು. ಅವಸರ ಮಾಡಲಿಲ್ಲ. ಅವನು ಕೈಮುಗಿದ, ಅತ್ತ, ಕಾಲು ಹಿಡಿದ. ಅವಳು ಅದೇ ನಿಧಾನದಲ್ಲಿ ನಡೆದಳು.

"ನನ್ನನ್ನ ತಗೊಳ್ಳಲಿ ಅಜ್ಜಿ. ಬಿಚ್ಚಿದ್ದು ನಾನು."

"ಬಿಚ್ಚಿದವನನ್ನ ಅದು ಮುಟ್ಟಲ್ಲ. ಅವನು ನೋಡ್ತಾ ನಿಲ್ಲಬೇಕು. ನಮ್ಮಜ್ಜಿ ನಿಂತಿದ್ದ ಹಾಗೆ." ಬಾಗಿಲಲ್ಲಿ ಕೈ ಚಾಚಿದಳು. "ದಾರ ತಾ. ಇನ್ನು ಅದು ಇಲ್ಲಿರಲ್ಲ."

ತಂದುಕೊಟ್ಟ. ಮ್ಯಾನೇಜರ್ ಏನೋ ಹೇಳಹೊರಟು, ಅಕ್ಕನ ಮುಖ ನೋಡಿ ದಾರಿ ಬಿಟ್ಟ. ಮುದುಕಿ ಮೊಣಕಾಲೂರಿ ಬಿಚ್ಚಿದ ತುದಿಯನ್ನು ಅಕ್ಕನ ತುಟಿಗೆ ಹಿಡಿದಳು. ಕೂಗು ದಾರಕ್ಕೆ ಸುತ್ತಿಕೊಂಡಿತು. ಅದರ ಜೊತೆಗೆ ಇನ್ನೊಂದು ದನಿ. ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ದನಿ.

"ಅದು ಅಕ್ಕಂದು ಅಜ್ಜಿ. ಅದನ್ನ ಬಿಡಿ."

"ಎರಡೂ ಹೆಣೆದುಕೊಂಡಿವೆ."

"ಬಿಡಿಸಿ. ನಿಮಗೆ ಬರತ್ತಲ್ಲ."

"ಬರತ್ತೆ," ಎಂದಳು ಮುದುಕಿ. "ಬಿಡಿಸಲ್ಲ. ಆರು ವರ್ಷದ ಮಗು ಅದು. ಇಷ್ಟು ಕಾಲ ಕತ್ತಲಲ್ಲಿ ಒಂದೇ ಇತ್ತು. ನಿನ್ನ ಅಕ್ಕ ಜೊತೆಗಿರಲಿ."

ಗಂಟು ಬಿಗಿದಳು. ಹಲ್ಲಿನಿಂದ ಎಳೆದು ಇನ್ನೂ ಬಿಗಿದಳು.

ಅಕ್ಕನ ಎದೆ ಏರಿತು, ಇಳಿಯಿತು. ಕಣ್ಣು ಬಿಟ್ಟಳು. ತಮ್ಮನನ್ನು ಗುರುತು ಹಿಡಿದು ಅವನ ಕೆನ್ನೆ ಮುಟ್ಟಿದಳು. ಬಾಯಿ ತೆರೆದು ಏನೋ ಹೇಳಿದಳು. ಏನೂ ಕೇಳಿಸಲಿಲ್ಲ.

ದಾರ ಕಾಡಿಗೆ ಮರಳಿತು. ಅಕ್ಕನ ಉಸಿರು ಉಳಿಯಿತು, ದನಿ ಉಳಿಯಲಿಲ್ಲ.