ಫಾಲ್ಟಿನ ಆಚೆಗಿನ ಗೆರೆ

"ನಿಮ್ಮ ಚಿಪ್ಪುಗಳು ಮೇಲಿಂದ ಉದುರಿರೋವು ಮೇಡಂ," ಎಂದು ಗೆರೆ ಸಾಹೇಬರು ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಸಮುದ್ರದ ತಳದಲ್ಲಿ ಕೊರೆದ ಎರಡು ಬಾವಿಗಳ ಕಲ್ಲಿಗೆ ವಯಸ್ಸು ಹೇಳುವುದು ನಮ್ಮಿಬ್ಬರ ಕೆಲಸ. ಕಲ್ಲಿನ ಪುಡಿ ತೊಳೆದು, ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ಹೆಕ್ಕಿ, ಅವು ಯಾವ ಕಾಲದವೆಂದು ಮೈಕ್ರೋಸ್ಕೋಪಿನಲ್ಲಿ ನೋಡುವವಳು ನಾನು. ನೀರಿನಲ್ಲಿ ಸದ್ದು ಮಾಡಿ, ತಳದಿಂದ ಮರಳಿದ ಪ್ರತಿಧ್ವನಿಯ ಚಿತ್ರದಲ್ಲಿ ಒಂದು ಪದರವನ್ನು ಬಾವಿಯಿಂದ ಬಾವಿಗೆ ಗೆರೆ ಎಳೆದು ಹಿಂಬಾಲಿಸುವವರು ಅವರು. ನಮ್ಮೂರಿನ ಲ್ಯಾಬಿನಿಂದ ಈ ಕೆಲಸಕ್ಕಷ್ಟೇ ಬಂದಿದ್ದ ನಾನು ಆಫೀಸಿನಲ್ಲಿ ಚಿಪ್ಪಮ್ಮ, ಅವರು ಗೆರೆ ಸಾಹೇಬರು. ಅವರ ಗೆರೆಯ ಪ್ರಕಾರ ಎರಡೂ ಬಾವಿಗಳಲ್ಲಿದ್ದದ್ದು ಒಂದೇ ಪದರ, ಒಂದೇ ವಯಸ್ಸು. ನನ್ನ ಚಿಪ್ಪುಗಳ ಪ್ರಕಾರ ಎರಡನೆಯದು ಕಿರಿಯದು.

ಮೇಲಿನ ಹೊಸ ಪದರದ ಚಿಪ್ಪುಗಳು ಬಾವಿಯ ಗೋಡೆಯಿಂದ ಉದುರಿ ಕೆಳಗಿನ ಪುಡಿಯಲ್ಲಿ ಬೆರೆಯುವುದುಂಟು. ಅದನ್ನು ಗುರುತಿಸಲಾಗದವಳು ಎಂದರೆ ನನ್ನ ಕಸುಬಿಗೇ ಅವಮಾನ. ಬೇರೆ ಯಾರಾದರೂ ಅಂದಿದ್ದರೆ ಕ್ಯಾರೇ ಅನ್ನುತ್ತಿರಲಿಲ್ಲ. ದಿನವೂ ನನ್ನ ಮೇಜಿಗೆ ಚಹಾ ತಂದಿಟ್ಟು, ಚಿಪ್ಪು ನೋಡುವ ನೆಪದಲ್ಲಿ ನನ್ನನ್ನೇ ನೋಡುವವರು ಅಂದದ್ದಕ್ಕೆ ಅಷ್ಟು ಚುಚ್ಚಿತು.

"ಇನ್ನೊಮ್ಮೆ ನೋಡಮ್ಮ," ಎಂದರು ಬಾಸ್.

ಪುಡಿಯನ್ನು ಬಿಟ್ಟು, ಎರಡನೆಯ ಬಾವಿಯ ಗೋಡೆಯಿಂದಲೇ ಕೊರೆದು ತೆಗೆದಿದ್ದ ಗಟ್ಟಿ ಕಲ್ಲಿನ ತುಂಡು ಒಡೆದೆ. ಅದರೊಳಕ್ಕೆ ಏನೂ ಉದುರಿ ಸೇರಲಾರದು. ಅದೇ ಚಿಪ್ಪುಗಳು ಸಿಕ್ಕವು. ನೇರವಾಗಿ ಹೋಗಿ ಗೆರೆ ಸಾಹೇಬರ ಸ್ಕ್ರೀನಿನ ಮುಂದೆ ಕುಳಿತೆ. ನೆಲ ಜಾರಿ ಪದರಗಳು ತುಂಡಾದ ಕಡೆ, ಅಂದರೆ ಫಾಲ್ಟಿನ ಆಚೆ, ಅವರ ಗೆರೆ ಒಂದು ಪದರ ಮೇಲಕ್ಕೆ ಹತ್ತಿ ಹಾಗೇ ಮುಂದುವರಿದಿತ್ತು.

"ಇಲ್ಲಿ ತಪ್ಪಿದೀರಿ," ಎಂದೆ.

"ಗೊತ್ತು." ಕಿವಿಯವರೆಗೂ ಕೆಂಪಾದರು. "ಮೀಟಿಂಗ್ ಮುಗಿದ ಮೇಲೆ ಗೊತ್ತಾಯ್ತು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ವಯಸ್ಸು ತೀರ್ಮಾನ ಆದ್ರೆ ನೀವು ನಿಮ್ಮ ಊರಿನ ಲ್ಯಾಬಿಗೆ ವಾಪಸ್ ಹೋಗ್ತೀರಲ್ಲ."

ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ. "ನನ್ನ ಹೆಸರು ಕೆಡಿಸಿ ನನ್ನನ್ನ ಉಳಿಸ್ಕೊಳ್ಳೋಕಾಗಲ್ಲ. ಮೊದಲು ಬಾಸ್ ಹತ್ರ ಹೋಗಿ."

ಹೋದರು. ಗಾಜಿನ ಬಾಗಿಲಿನಾಚೆ ಅವರು ತಲೆ ತಗ್ಗಿಸಿ ನಿಂತದ್ದು ಕಾಣುತ್ತಿತ್ತು. ಬಾಸ್ ಹೊರಬಂದು ಇಡೀ ಆಫೀಸಿಗೆ ಕೇಳುವಂತೆ, "ನೀನು ಹೇಳಿದ್ದೇ ಸರಿಯಮ್ಮ, ತಪ್ಪು ಇವನದ್ದು. ನಿನ್ನ ಕೆಲಸ ಮುಗೀತು, ನಾಳೆ ಹೊರಡಬಹುದು," ಎಂದರು.

ನಾನು ಸ್ಲೈಡುಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಅವರು ಪಕ್ಕದಲ್ಲಿ ಬಂದು ನಿಂತರು.

"ಇರಿ ಅನ್ನೋಕೆ ನನಗೆ ಮುಖ ಇಲ್ಲ."

"ಬಾಯಿ ಇದೆಯಲ್ಲ. ಹೇಳಬೇಕಾದ್ದು ಹೇಳಿ."

ಅವರು ಡಬ್ಬದ ಮುಚ್ಚಳದ ಮೇಲೆ ಕೈಯಿಟ್ಟರು. "ನೀವಂದ್ರೆ ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ?"

ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರನ್ನು ನಾನೂ ಅಷ್ಟೇ ಪ್ರೀತಿಸುತ್ತಿದ್ದೆ. ಆದರೂ ಒಮ್ಮೆ ಸತಾಯಿಸದೆ ಬಿಡಲು ಮನಸ್ಸಾಗಲಿಲ್ಲ.

"ನಾಳೆ ನಾನು ಹೊರಡೋದಂತೂ ಖಂಡಿತ," ಎಂದೆ. ಅವರ ಮುಖ ಬಾಡಿತು. ಮೆಲ್ಲಗೆ ಮುಚ್ಚಳದ ಮೇಲಿದ್ದ ಅವರ ಕೈ ಹಿಡಿದುಕೊಂಡೆ. "ಬಸ್ಸಿಗೆ ಎರಡು ಟಿಕೆಟ್ ಮಾಡಿಸಿ. ಈಗ ಹೇಳಿದ್ದನ್ನ ನಮ್ಮಪ್ಪನ ಮುಂದೆ ಇನ್ನೊಂದ್ಸಲ ಹೇಳ್ಬೇಕು ನೀವು."